ಇಪ್ಪತ್ತೆಂಟು ಸೆಂಟಿಮೀಟರ್ ಎಲ್ಲಿ ಹೋಯಿತು

ಕಚೇರಿಯಲ್ಲಿ ಅವಳಿಗೆ ಇಟ್ಟ ಹೆಸರು ‘ಇನ್ನೊಂದ್ಸಲ’. ಟೇಪು ಹಿಡಿದು ಗೋಡೆಯಿಂದ ಗೋಡೆಗೆ ಅಳೆದು ಬರೆದುಕೊಂಡ ಮೇಲೂ, ‘ಇನ್ನೊಂದ್ಸಲ ನೋಡ್ಬಿಡೋಣ’ ಅನ್ನದೆ ಅವಳಿಗೆ ಸಮಾಧಾನವಿರಲಿಲ್ಲ. ಹಗಲೆಲ್ಲ ಅಂಗಡಿಯಲ್ಲಿ ದುಡಿದು, ಸಂಜೆ ತರಗತಿಯಲ್ಲಿ ನಕಾಶೆ ಬರೆಯಲು ಕಲಿತವಳು. ಡಿಗ್ರಿ ಇದ್ದವರ ನಡುವೆ ಕೂತಾಗಲೆಲ್ಲ ತನ್ನ ತಪ್ಪು ಎಲ್ಲಿ ಅಡಗಿದೆಯೋ ಎಂದು ಹುಡುಕುವುದೇ ಅಭ್ಯಾಸವಾಗಿಬಿಟ್ಟಿತ್ತು.

ಹಾಗಾಗಿ ಹಳೆಯ ವಾಚನಾಲಯದ ಅಳತೆಯಲ್ಲಿ ಇಪ್ಪತ್ತೆಂಟು ಸೆಂಟಿಮೀಟರ್ ವ್ಯತ್ಯಾಸ ಬಂದಾಗ ಅವಳು ಮೊದಲು ಅನುಮಾನಿಸಿದ್ದು ತನ್ನನ್ನೇ.

ವಾಚನಾಲಯವನ್ನು ಊರವರು ಬೆಂಕಿಪೊಟ್ಟಣ ಅನ್ನುತ್ತಿದ್ದರು. ತೊಂಬತ್ತು ವರ್ಷದ ಹಿಂದೆ, ಅಕ್ಕಪಕ್ಕದ ಕಟ್ಟಡಗಳೆಲ್ಲ ಕಮಾನು, ಕೆತ್ತನೆ, ಹೂಬಳ್ಳಿ ಹೊತ್ತು ಮೆರೆಯುತ್ತಿದ್ದಾಗ, ಯಾರೋ ಗಟ್ಟಿ ಗುಂಡಿಗೆಯವರು ಕಟ್ಟಿಸಿದ್ದು. ಮಟ್ಟಸ ತಾರಸಿ, ತೆಳುವಾದ ಕಂಬಗಳು, ಮೂಲೆಯಿಂದ ಮೂಲೆಗೆ ಪಟ್ಟಿ ಬಿಗಿದ ಹಾಗೆ ಒಂದೇ ಸಾಲಿನ ಕಿಟಕಿ. ಅಲಂಕಾರ ಅಂತ ಏನಾದರೂ ಇದ್ದರೆ ಅದು ನೆಲದ ಮೇಲೆ ಬೀಳುವ ಬಿಸಿಲು. ಅದನ್ನು ಉಳಿಸಬೇಕೋ ಕೆಡವಬೇಕೋ ಹೇಳಿ ಎಂದು ನಗರಸಭೆ ಅವಳ ಕಚೇರಿಯನ್ನು ಕೇಳಿತ್ತು.

ಉಳಿಸಲು ಅಡ್ಡ ಬಂದದ್ದು ಒಂದು ಬಿರುಕು. ಓದುಕೋಣೆಯ ಚಾವಣಿಯಲ್ಲಿ ಅದು ಈ ಗೋಡೆಯಿಂದ ಆ ಗೋಡೆಯವರೆಗೆ ಹಾದುಹೋಗಿತ್ತು. ಎಷ್ಟು ತುಂಬಿದರೂ ವರ್ಷದೊಳಗೆ ಮತ್ತೆ ಬಾಯಿ ಬಿಡುತ್ತಿತ್ತು. ‘ಚಾವಣಿ ನಂಬುವಂತಿಲ್ಲ, ಓದುಕೋಣೆಯನ್ನು ಕೆಡವುವುದೇ ಕ್ಷೇಮ’ ಎಂದು ಅವಳ ಕಚೇರಿಯ ಎಂಜಿನಿಯರ್ ಕರಡು ವರದಿಯಲ್ಲಿ ಬರೆದಾಗಿತ್ತು. ಶುಕ್ರವಾರ ವರದಿ ಹೋಗಬೇಕು, ಜೊತೆಗೆ ಅವಳ ನಕಾಶೆಯೂ.

ಓದುಕೋಣೆಯ ಒಂದು ಬದಿಗೆ ಎರಡು ಕೋಣೆಗಳಿದ್ದವು. ಒಂದು ವಾಚನಾಲಯದ ಕಚೇರಿ, ಇನ್ನೊಂದರಲ್ಲಿ ಹಳೆಯ ಪತ್ರಿಕೆಗಳ ಕಟ್ಟು. ಇವೆರಡರ ನಡುವೆ ಬಾಗಿಲಿಲ್ಲದ ಒಂದು ಗೋಡೆ. ಹೊರಗಿನ ಉದ್ದದಲ್ಲಿ ಒಳಗಿನದನ್ನೆಲ್ಲ ಕಳೆದರೆ ಆ ಗೋಡೆಗೆ ಇಪ್ಪತ್ತು ಸೆಂಟಿಮೀಟರ್ ಉಳಿಯಬೇಕಿತ್ತು. ಉಳಿದದ್ದು ನಲವತ್ತೆಂಟು.

“ಹಳೇ ಕಟ್ಟಡ ಕಣಮ್ಮ, ಮೈ ನೆಟ್ಟಗಿರಲ್ಲ,” ಅಂದರು ಎಂಜಿನಿಯರ್. “ಆ ಕೋಣೆಗೆ ಹದಿನಾಲ್ಕು, ಈ ಕೋಣೆಗೆ ಹದಿನಾಲ್ಕು ಹಂಚಿಬಿಡು. ಟೇಪು ತಗೊಂಡು ಯಾರು ಹೋಗಿ ನೋಡ್ತಾರೆ?”

“ನಾನು ನೋಡಿದೀನಲ್ಲ ಸರ್.”

“ಎಷ್ಟು ಸಲ?”

“ಮೂರು.”

“ಸದ್ಯ, ನಾಲ್ಕಕ್ಕೆ ಹೋಗ್ಬೇಡ.”

ಕೆಟ್ಟ ಮನುಷ್ಯರಲ್ಲ ಅವರು. ಮೇಜಿನ ಮೇಲೆ ಇನ್ನೂ ಐದು ಕಟ್ಟಡಗಳ ಕಡತ ಕಾದು ಕೂತಿತ್ತು, ಅಷ್ಟೇ.

ಮನೆಯಲ್ಲಿ ಅಕ್ಕ ಹೊಲಿಗೆ ಯಂತ್ರದ ಮುಂದಿದ್ದಳು. ದರ್ಜಿ ಕೆಲಸವೇ ಅವಳ ಅನ್ನ. ತಂಗಿ ತುತ್ತು ಕಲಸುತ್ತ ಕೂತದ್ದನ್ನು ಓರೆಗಣ್ಣಲ್ಲಿ ನೋಡಿ, “ಏನೇ, ಮೋರೆ ಒಳ್ಳೆ ಕಳ್ಳ ನುಗ್ಗಿದ ಮನೆ ಹಾಗಿದೆ,” ಅಂದಳು.

“ಹೊರಗಿನ ಅಳತೆಗೂ ಒಳಗಿನ ಅಳತೆಗೂ ತಾಳೆ ಆಗ್ತಿಲ್ಲ ಅಕ್ಕ. ಗೋಡೆ ಸಿಕ್ಕಾಪಟ್ಟೆ ದಪ್ಪ ಬರ್ತಿದೆ.”

“ಅಷ್ಟೂ ಗೋಡೇನೇ ಅಂತ ಯಾರು ಹೇಳಿದ್ರು ನಿಂಗೆ? ಕೋಟಿಗೆ ಒಳಜೇಬು ಇಟ್ರೆ ಹೊರಗಿಂದ ಕಾಣತ್ತಾ?”

“ಗೋಡೆಗೆ ಜೇಬು ಇರತ್ತಾ?”

“ನಂಗೇನು ಗೊತ್ತು? ಸಂಜೆ ಕ್ಲಾಸಿಗೆ ಹೋದವಳು ನೀನು. ಮೊದಲು ಉಣ್ಣು.”

ಮರುದಿನ ಬೆಳಿಗ್ಗೆ ಅವಳು ಚಾವಣಿಯ ನಕಾಶೆಯನ್ನು ನೆಲದ ನಕಾಶೆಯ ಮೇಲಿಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿದಳು. ಬಿರುಕಿನ ಗೆರೆ ನೇರ ಬಂದು ಆ ದಪ್ಪ ಗೋಡೆಯ ನಟ್ಟನಡುವೆ ನಿಂತಿತ್ತು. ಸ್ಕೇಲ್ ಇಟ್ಟಳು. ಗೆರೆ ಒಂದು ಕೂದಲೆಳೆಯಷ್ಟೂ ಆಚೀಚೆ ಹೋಗಲಿಲ್ಲ. ಬಿರುಕು ಅಂದಮೇಲೆ ಸೊಟ್ಟಪಟ್ಟ ಹರಿಯಬೇಡವೇ? ತಾನೇ ಸೋಮಾರಿತನದಿಂದ ನೆಟ್ಟಗೆ ಎಳೆದುಬಿಟ್ಟಳೋ ಏನೋ. ಆ ಅನುಮಾನವೇ ಅವಳನ್ನು ಎಬ್ಬಿಸಿ ವಾಚನಾಲಯಕ್ಕೆ ಕಳಿಸಿತು.

ಅಲ್ಲಿನ ಅಟೆಂಡರಿಗೆ ನಿವೃತ್ತಿ ಹತ್ತಿರ ಬಂದಿತ್ತು. ಪ್ರತಿ ವರ್ಷ ಏಣಿ ಹತ್ತಿ ಆ ಬಿರುಕಿಗೆ ಪುಟ್ಟಿ ತುಂಬುತ್ತಿದ್ದವನು ಅವನೇ. ಯಾರೂ ಹೇಳಿದ್ದಲ್ಲ, ಓದುವವರ ತಲೆ ಮೇಲೆ ಪುಡಿ ಉದುರಬಾರದು ಅಂತ.

“ಇಪ್ಪತ್ತಾರು ವರ್ಷ ಕಣಮ್ಮ. ಮನೆಯವಳ ಮುಖಕ್ಕಿಂತ ಇದರ ಮುಖ ಜಾಸ್ತಿ ನೋಡಿದೀನಿ.”

“ಅಗಲ ಏನಾದ್ರೂ ಜಾಸ್ತಿ ಆಗಿದ್ಯಾ ಯಜಮಾನ್ರೇ?”

“ಇಲ್ಲಪ್ಪ. ಕಿರುಬೆರಳು ಹೋಗೋಷ್ಟು. ಆವತ್ತೂ ಅಷ್ಟೇ, ಇವತ್ತೂ ಅಷ್ಟೇ.”

“ಎಲ್ಲಾದ್ರೂ ಸೊಟ್ಟಗಿದ್ಯಾ?”

“ಸೊಟ್ಟಗಿದ್ರೆ ತುಂಬೋಕೆ ಕಷ್ಟ ಆಗ್ತಿತ್ತು. ಇದು ಒಳ್ಳೇ ಬಿರುಕು.” ಹೇಳಿದವನು ಮೇಲೆ ನೋಡಿದ. ನೋಡುತ್ತಲೇ ಇದ್ದ. ಆಮೇಲೆ ಮೆಲ್ಲಗೆ, “ಯಾಕಮ್ಮ ಹೀಗೆ ಕೇಳ್ತಿದೀಯಾ?” ಅಂದ.

ಹೇಳಿದ ಮೇಲೆ ಅದು ಸುಳ್ಳಾದರೆ ಎಂಬ ಭಯ ಅವಳಿಗೆ. ಬಿರುಕು ಗೋಡೆಗೆ ಮುಟ್ಟುವ ಜಾಗದ ಕೆಳಗೆ ಉದ್ದನೆಯ ಸೂಚನಾ ಫಲಕವಿತ್ತು. ಅದನ್ನು ಬಿಚ್ಚಬಹುದೇ ಎಂದಷ್ಟೇ ಕೇಳಿದಳು. ಅವನು ಸ್ಕ್ರೂಡ್ರೈವರ್ ತಂದ. ಫಲಕದ ಹಿಂದೆ ಗಾರೆಯ ಬದಲು ಬಣ್ಣ ಬಳಿದ ಮರದ ಹಲಗೆ. ತಟ್ಟಿದರೆ ಖಾಲಿ ಡಬ್ಬದ ಸದ್ದು. ಹಲಗೆಯ ಅಂಚಿನಲ್ಲಿ ಗೆದ್ದಲು ತಿಂದ ಒಂದು ತೂತು. ಅವಳು ಉಕ್ಕಿನ ಟೇಪಿನ ತುದಿಯನ್ನು ಅದರೊಳಗೆ ತೂರಿಸಿ ತಳ್ಳಿದಳು. ಒಂದು ಮೀಟರ್. ಎರಡು. ಐದು ಮೀಟರ್ ತೊಂಬತ್ತಕ್ಕೆ ಟೇಪು ಏನಕ್ಕೋ ತಾಗಿ ನಿಂತಿತು.

“ಇನ್ನೊಂದ್ಸಲ,” ಅಂದಳು ಅವಳು. ಅಷ್ಟೇ ಬಂತು. ಓದುಕೋಣೆಯ ಅಗಲವೂ ಅಷ್ಟೇ.

ಅವಳು ಎಂಜಿನಿಯರಿಗೆ ಫೋನು ಮಾಡಿದಳು. “ಸರ್, ತಪ್ಪಿದ್ರೆ ಬೈಯಿರಿ. ಅದು ಬಿರುಕಲ್ಲ ಅನ್ಸತ್ತೆ.”

ಎಂಜಿನಿಯರ್ ಬಂದರು, ಮುಖ ಗಂಟಿಕ್ಕಿಕೊಂಡೇ. ಏಣಿ ಹತ್ತಿ ಒಂದು ಗೇಣು ಪುಟ್ಟಿ ಕೆರೆದು ಟಾರ್ಚ್ ಹಾಕಿದರು.

“ಹಳಿ ಇದೆ,” ಅಂದರು, ಮಕ್ಕಳಿಗೆ ಗುಟ್ಟು ಹೇಳುವ ದನಿಯಲ್ಲಿ. “ಗಟ್ಟಿ ತೊಲೆಗೆ ಕಬ್ಬಿಣದ ಹಳಿ ನೇತುಹಾಕಿದಾರೆ. ಬೇಕಾದಾಗ ಗೋಡೆ ಎಳೆದು ಕೋಣೆ ಎರಡು ಮಾಡೋದು, ಬೇಡ ಅಂದ್ರೆ ಒಳಗೆ ನೂಕೋದು. ಚಾವಣಿಗೆ ಏನೂ ಆಗಿಲ್ಲ. ಸೀಳು ಬೇಕು ಅಂತಲೇ ಬಿಟ್ಟಿದ್ದು.”

ಅಟೆಂಡರ್ ಕುರ್ಚಿ ಎಳೆದು ಕೂತುಬಿಟ್ಟ. “ಅಂದ್ರೆ ಸ್ವಾಮಿ, ಇಪ್ಪತ್ತಾರು ವರ್ಷ ನಾನು ಬಾಗಿಲಿನ ಬಾಯಿಗೆ ಬಟ್ಟೆ ತುರುಕ್ತಾ ಇದ್ದೆ.”

“ನೀವು ಬರೀ ತುಂಬಿದ್ರಿ,” ಅಂದರು ಎಂಜಿನಿಯರ್ ಇಳಿಯುತ್ತ. “ನಾನು ಓದಿದವನು, ಕೆಡವಿ ಅಂತ ಬರೆದೆ.”

ಅಲ್ಲೇ ಮೇಜಿನ ಮೇಲೆ ಕರಡು ಬಿಡಿಸಿ, ತಮ್ಮ ಸಾಲನ್ನು ಹೊಡೆದುಹಾಕಿ, ಪೆನ್ನನ್ನು ಅವಳತ್ತ ಚಾಚಿದರು. “ನೀನೇ ಬರಿ. ಜಾರುವ ಗೋಡೆ ಇದೆ, ಇವತ್ತಿಗೂ ಕೆಲಸ ಮಾಡತ್ತೆ ಅಂತ. ಅಂಥ ಸಾಲು ಕಂಡ್ರೆ ನಗರಸಭೆ ಕೆಡವೋಕೆ ಕೈಯಿಡಲ್ಲ.”

ಅವಳು ಮೊದಲರ್ಧ ಬರೆದು ನಿಲ್ಲಿಸಿದಳು. “ಕೆಲಸ ಮಾಡತ್ತೆ ಅಂತ ನಾವು ನೋಡಿಲ್ಲವಲ್ಲ ಸರ್.”

“ನಾಳೆ ಶುಕ್ರವಾರ ಕಣಮ್ಮ.”

“ಗೊತ್ತು ಸರ್.”

ಎಂಜಿನಿಯರ್ ಅಟೆಂಡರನ್ನು ನೋಡಿದರು. ಅಟೆಂಡರ್ ಆಗಲೇ ಏಣಿಯ ಎರಡನೇ ಮೆಟ್ಟಿಲಲ್ಲಿದ್ದ. ಪುಟ್ಟಿ ಕೆರೆಯಲು ಬೇರೆ ಯಾರಿಗೂ ಬಿಡಲಿಲ್ಲ. ಎಲ್ಲಿ ಎಷ್ಟು ಆಳಕ್ಕೆ ತುಂಬಿದ್ದೇನೆ ಅನ್ನುವುದು ತನಗೊಬ್ಬನಿಗೇ ಗೊತ್ತು ಅಂದ. ಅವಳು ಏಣಿ ಹಿಡಿದಳು, ಎಂಜಿನಿಯರ್ ಮರದ ಹಲಗೆ ಕಿತ್ತರು. ಮಧ್ಯಾಹ್ನ ಕಳೆಯಿತು. ಹಳಿಗೆ ಎಣ್ಣೆ ಹಾಕಿ, ಮೂವರೂ ಸೇರಿ ಒಳಗಿದ್ದ ಗೋಡೆಯ ಅಂಚಿನ ಹಿತ್ತಾಳೆ ಹಿಡಿಯನ್ನು ಎಳೆದರು.

ಏನೂ ಆಗಲಿಲ್ಲ. ಮತ್ತೆ ಎಳೆದರು. ಮೇಲೆಲ್ಲೋ ಗಾಲಿಯೊಂದು ಗೊಣಗಿತು. ಓದುತ್ತಿದ್ದವರೆಲ್ಲ ತಲೆ ಎತ್ತಿದರು. ಗೋಡೆಯೊಳಗಿನಿಂದ ಇನ್ನೊಂದು ಗೋಡೆ, ಬಿಸಿಲು ಕಾಣದ ತಿಳಿಹಸಿರು ಬಣ್ಣದ್ದು, ನಿಧಾನವಾಗಿ ಹೊರಗೆ ಬಂತು. ಸ್ವಲ್ಪ ದೂರ ಬಂದು ಹಟ ಹಿಡಿದು ನಿಂತಿತು.

“ಸಾಕಲ್ಲ?” ಅಂದರು ಎಂಜಿನಿಯರ್, ಬೆವರೊರೆಸಿಕೊಳ್ಳುತ್ತ. “ಈಗಾದ್ರೂ ಬರೀತೀಯಾ?”

ಅವಳು ಹೊರಬಂದಷ್ಟನ್ನು ಎರಡು ಸಲ ಅಳೆದಳು. ಆಮೇಲೆ ಕೂತು ಬರೆದಳು: ‘ಗೋಡೆ ಎಂಬತ್ತೆರಡು ಸೆಂಟಿಮೀಟರ್ ಸರಿಯಿತು. ಮುಂದಕ್ಕೆ ಯಾಕೆ ಬರಲಿಲ್ಲ ಎಂಬುದು ಇನ್ನೂ ತಿಳಿದಿಲ್ಲ.’

ಎಂಜಿನಿಯರ್ ಅದನ್ನು ಓದಿ, ನಕ್ಕು, ಒಂದಕ್ಷರವನ್ನೂ ಬದಲಿಸದೆ ಕೆಳಗೆ ಸಹಿ ಹಾಕಿದರು.