ತುಕ್ಕಣ್ಣನಿಗೊಂದು ಸಿನಿಮಾ

ತುಕ್ಕಣ್ಣ ಹೆಂಗಸು ಎಂಬುದು ಅವನಿಗಾಗಿ ಸೀಟಿ ಹೊಡೆದ ಮಂದಿಗೆ ಗೊತ್ತಿರಲಿಲ್ಲ. ‘ಹೊರಕಕ್ಷೆ’ ಸರಣಿಯ ಮೂರನೆಯ ಸಿನಿಮಾದಲ್ಲಿ ಅವನು ಬರುವುದು ಒಂದೇ ದೃಶ್ಯಕ್ಕೆ. ಅಂತರಿಕ್ಷ ನೌಕೆಯ ಬಾಗಿಲು ಕಾಯುವ, ತುಕ್ಕು ಹಿಡಿದ ಯಂತ್ರಮಾನವ. ದಾಳಿಕೋರರು ಬಡಿದು ಕೆಡವುತ್ತಾರೆ. ಮುರಿದ ತೋಳು ಜೋತಾಡಿಸಿಕೊಂಡು ಏಳುತ್ತಾನೆ, ಬೀಳುತ್ತಾನೆ, ಮತ್ತೆ ಏಳುತ್ತಾನೆ, ಬಾಗಿಲು ಮುಚ್ಚಿ ಸಾಯುತ್ತಾನೆ. ಬಾಯಿಂದ ಒಂದು ಮಾತಿಲ್ಲ. ನಾಯಕ ಬ್ರಹ್ಮಾಂಡವನ್ನೇ ಉಳಿಸಿದರೂ ಜನ ಮನಸ್ಸಲ್ಲಿಟ್ಟುಕೊಂಡು ಮನೆಗೆ ಹೋದದ್ದು ಈ ತಗಡಿನವನನ್ನು.

ತಗಡಿನೊಳಗೆ ಇದ್ದವಳು ಸಿನಿಮಾಗಳಲ್ಲಿ ಏಟು ತಿನ್ನುವುದನ್ನೇ ಕಸುಬು ಮಾಡಿಕೊಂಡವಳು. ಆ ಹೊಡೆದಾಟ ಜೋಡಿಸಿದ ಫೈಟ್ ಮಾಸ್ಟರ್ ಅವಳ ಸ್ವಂತ ತಮ್ಮ. ಅಂದು ತೋಳು ನಿಜಕ್ಕೂ ಮುರಿದಿತ್ತು. ತಗಡಿನ ತಲೆ ಹಾಕಿಕೊಂಡರೆ ಹೊರಗಿನದು ಏನೂ ಕೇಳಿಸದು. ಕಣ್ಣಿಗೆ ಒಂದು ಬೆರಳಗಲದ ಸೀಳು, ಅಷ್ಟೇ. ಅದಕ್ಕೇ ಶಾಟ್ ಮುಗಿದೊಡನೆ ಮಾಸ್ಟರ್ ಬಂದು ಹೆಗಲಿಗೆ ಎರಡು ಸಲ ತಟ್ಟಬೇಕು. ತಾನೂ ಏಟು ತಿಂದೇ ಸಂಸಾರ ಸಾಕಿದ ಅಪ್ಪ ಇಬ್ಬರಿಗೂ ಚಿಕ್ಕಂದಿನಲ್ಲೇ ಕಲಿಸಿದ್ದ: “ತಟ್ಟೋವರೆಗೂ ಮೈ ಬಿಡಬಾರದು. ತಟ್ಟಿದ ಮೇಲೆ ಬಿಗಿ ಹಿಡೀಬಾರದು.” ಅಕ್ಕನ ಮೂಳೆ ಲಟಕ್ಕೆಂದದ್ದು ಕೇಳಿ ತಮ್ಮ ಗರಬಡಿದವನಂತೆ ನಿಂತ, ತಟ್ಟುವುದನ್ನೇ ಮರೆತ. ತಟ್ಟಲಿಲ್ಲವಲ್ಲ ಎಂದು ಅವಳು ಏಳುತ್ತಲೇ ಹೋದಳು. ಲೋಕವೆಲ್ಲ ಕಣ್ಣೊರೆಸಿಕೊಂಡ ತ್ಯಾಗದ ಒಳಗುಟ್ಟು ಇಷ್ಟೇ.

ಆಸ್ಪತ್ರೆಯಲ್ಲಿ ತಮ್ಮ ಕಾಲು ಹಿಡಿದು ಅತ್ತ. ಅವಳು ಕ್ಷಮಿಸಿದಳು. ಎಡತೋಳೊಳಗೆ ಉಕ್ಕಿನ ಪಟ್ಟಿ ಬಂದು ಕೂತಿತು. ಇನ್ನೊಮ್ಮೆ ಮುರಿದರೆ ಈ ಕೈಯ ಆಸೆ ಬಿಟ್ಟುಬಿಡಿ ಎಂದರು ಡಾಕ್ಟರು.

ಈಗ ನಿರ್ಮಾಪಕರಿಗೆ ತುಕ್ಕಣ್ಣನದೇ ಒಂದು ಸ್ಪಿನ್-ಆಫ್, ಅವನೇ ನಾಯಕನಾದ ಬೇರೆ ಸಿನಿಮಾ, ಬೇಕಾಗಿತ್ತು. ಅವಳಿಗೂ ಬೇಕಾಗಿತ್ತು, ಸುಳ್ಳೇಕೆ. ಬಾಗಿಲಲ್ಲಿ ನಿಂತವನಿಗೂ ಒಂದು ಕಥೆ ಇರುತ್ತದೆ. ದೊಡ್ಡ ಸಿನಿಮಾದಲ್ಲಿ ಅದಕ್ಕೆ ಜಾಗವಿರುವುದಿಲ್ಲ. ಪರದೆಯ ಮೇಲೆ ಮೊದಲ ಹೆಸರು ಅವಳದೇ ಎಂದೂ ಮಾತಾಗಿತ್ತು. ಆದರೆ ಚಿತ್ರಕಥೆ ಓದಿ ಅವಳ ಮುಖ ಹುಳ್ಳಗಾಯಿತು. ಯಂತ್ರಕ್ಕೆ ಬಾಲ್ಯವಂತೆ, ಪ್ರೇಯಸಿಯಂತೆ, ತುಕ್ಕು ಹಿಡಿದದ್ದು ಹೇಗೆಂದು ತಿಳಿಸಲು ಒಂದು ಹಾಡಂತೆ. ಮಾತಾಡಲಿಲ್ಲವೆಂದೇ ಜನ ಮೆಚ್ಚಿದವನ ಬಾಯಿಗೆ ಪುಟಗಟ್ಟಲೆ ಭಾಷಣ. ಒಂದು ದೃಶ್ಯದಲ್ಲಿ ಬಿದ್ದೆದ್ದವನು ಇಲ್ಲಿ ದೃಶ್ಯಕ್ಕೊಮ್ಮೆ ಬಿದ್ದೇಳುತ್ತಾನೆ.

“ಚಿಟಿಕೆ ಉಪ್ಪು ರುಚಿಯಾಗಿತ್ತು ಅಂತ ತಟ್ಟೆ ತುಂಬ ಉಪ್ಪೇ ಬಡಿಸ್ತಾರೇನೋ?” ಎಂದಳು ತಮ್ಮನಿಗೆ, ಶೂಟಿಂಗ್ ಅರ್ಧ ಮುಗಿದಿದ್ದಾಗ ಒಂದು ದಿನ ಮೇಕಪ್ ಕೋಣೆಯಲ್ಲಿ.

“ಸುಮ್ನಿರಕ್ಕ. ಇದು ಓಡಿದ್ರೆ ಮುಂದಿನ ಸ್ಪಿನ್-ಆಫ್‌ಗೆ ನಾನೇ ಡೈರೆಕ್ಟರ್. ಮಾತು ಕೊಟ್ಟಿದಾರೆ.”

“ಅದು ಯಾರ ಕಥೆ? ನೌಕೆ ಕಸ ಗುಡಿಸೋ ಯಂತ್ರದ್ದಾ?”

ಅವನು ನಗಲಿಲ್ಲ. ಹಿಂದಿನ ದಿನ ನಿರ್ದೇಶಕ, ಅದುವರೆಗೆ ಚಿತ್ರೀಕರಿಸಿದ್ದನ್ನೆಲ್ಲ ನೋಡಿ, “ಏಳೋದ್ರಲ್ಲಿ ಆ ನಡುಕ ಇಲ್ಲ, ನಟನೆ ಅಂತ ಗೊತ್ತಾಗ್ತಿದೆ” ಎಂದು ಗೊಣಗಿದ್ದ. ಆಮೇಲೆ ತಮ್ಮನ ಹೆಗಲ ಮೇಲೆ ಕೈ ಹಾಕಿಕೊಂಡು ದೂರ ಕರೆದೊಯ್ದು ಬಹಳ ಹೊತ್ತು ಮಾತಾಡಿದ್ದ. ಏನು ಮಾತು ಎಂದು ಅವಳು ಕೇಳಿರಲಿಲ್ಲ.

ತಮ್ಮ ತಗಡಿನ ತಲೆಯ ಪಟ್ಟಿ ಬಿಗಿಯುತ್ತ, “ಎಡತೋಳಿಗೆ ಯಾರೂ ಹೊಡೆಯಲ್ಲ, ಹೇಳಿದೀನಿ” ಎಂದ.

“ತಟ್ಟೋದು ಮರೀಬೇಡ ಕಣೋ.”

“ಈ ಸಲ ಮರೆಯಲ್ಲಕ್ಕ.”

ಶಾಟ್ ಶುರುವಾಯಿತು. ಗೂಳಿ ಎಂದು ಎಲ್ಲರೂ ಕರೆಯುವ ದಾಂಡಿಗ ಮತ್ತು ಅವನ ಹಿಂದೆ ಮೂವರು, ಕೈಯಲ್ಲಿ ರಬ್ಬರು ಸುತ್ತಿದ ಬೆತ್ತ. ಬೆನ್ನಿಗೆ, ತೊಡೆಗೆ, ಪಕ್ಕೆಗೆ ಲೆಕ್ಕದಂತೆ ಏಟು ಬಿದ್ದವು. ಕೊನೆಯ ಏಟಿಗೆ ಅವಳು ಬಿದ್ದು ಹೆಗಲ ಮೇಲಿನ ಕೈಗಾಗಿ ಕಾದಳು. ಕೈ ಬರಲಿಲ್ಲ. ಎದ್ದಳು. ಹೊಟ್ಟೆಗೆ ಗೂಳಿಯ ಬೂಟು ಬಿತ್ತು. ಉಸಿರು ನಿಂತು ಕಣ್ಣು ಕತ್ತಲಿಟ್ಟಿತು. ಮತ್ತೆ ಕಾದಳು, ಮತ್ತೆ ಎದ್ದಳು. ಈಗಿನ ಏಟುಗಳಿಗೆ ಲೆಕ್ಕವಿರಲಿಲ್ಲ. ಬಾಯಲ್ಲಿ ರಕ್ತ ತುಂಬಿ, ಉಗುಳಲು ಜಾಗವಿಲ್ಲದೆ ನುಂಗಿದಳು.

ಮೂರನೆಯ ಸಲ ಬಿದ್ದಾಗ ಸೀಳಿನಲ್ಲಿ ತಮ್ಮನ ಬೂಟು ಕಂಡವು. ಕತ್ತೆತ್ತಿ ನೋಡಿದಳು. ಕೈಗೆಟಕುವಷ್ಟು ಹತ್ತಿರವೇ ನಿಂತಿದ್ದ, ಎರಡೂ ಕೈ ಪ್ಯಾಂಟಿನ ಜೇಬಿನಲ್ಲಿ. ಅವನು ಮರೆತಿರಲಿಲ್ಲ.

ಅಷ್ಟರಲ್ಲಿ ಬೆತ್ತ ಎಡತೋಳ ಮೇಲೆ ಬಂತು. ಒಳಗಿನ ಪಟ್ಟಿ ಬಾಗಿತು. ಬೆರಳುಗಳು ತಣ್ಣಗಾಗಿ ಯಾರದೋ ಬೆರಳುಗಳಾದವು.

ಆಮೇಲೆ ಎದ್ದವಳು ತುಕ್ಕಣ್ಣನಲ್ಲ. ಕಬ್ಬಿಣದ ಬೂಟಿನಿಂದ ಗೂಳಿಯ ಮೊಣಕಾಲಿಗೆ ಒದ್ದಳು. ಅದು ಹಿಂದಕ್ಕೆ ಮಡಚಿಕೊಂಡಿತು. ಅವನ ಬೆತ್ತ ಕಿತ್ತು ಎರಡನೆಯವನ ದವಡೆಗೆ ಬಾರಿಸಿದಳು. ಹಲ್ಲು ನೆಲಕ್ಕುದುರಿದವು. ಮೂರನೆಯವನ ಮೂಗು ಅಪ್ಪಚ್ಚಿಯಾಯಿತು, ನಾಲ್ಕನೆಯವನು ಬೆತ್ತ ಬಿಸಾಡಿ ಓಡಿದ. ಅಡ್ಡ ಬಂದವರು ಒಬ್ಬರೂ ಇಲ್ಲ. ನಿರ್ದೇಶಕ ಹಿಗ್ಗಿ ಹೀರೇಕಾಯಿಯಾಗಿದ್ದ. ಕ್ಯಾಮೆರಾ ಓಡುತ್ತಲೇ ಇತ್ತು.

ತಮ್ಮ ಆಗ ಜೇಬಿನಿಂದ ಕೈ ತೆಗೆದ. ಕೈ ಚಾಚಿಕೊಂಡು ಹೆಗಲಿನತ್ತ ಓಡಿಬಂದ. ಕೈ ತಲುಪುವ ಮೊದಲೇ ಅವಳು ತಗಡಿನ ತಲೆಯಿಂದ ಅವನ ಮುಖಕ್ಕೆ ಗುದ್ದಿದಳು. ಹುಬ್ಬು ಸೀಳಿ, ಮುಖವೆಲ್ಲ ರಕ್ತವಾಗಿ ಅವನು ಬಿದ್ದ. ಅಪ್ಪನ ಪಾಠ ಅವನ ಮೈಯಲ್ಲೂ ಇತ್ತು, ತಡವರಿಸುತ್ತ ಎದ್ದ. ಎದೆಗೆ ಒದ್ದಳು. ಬಿದ್ದ, ಕೈಯೂರಿ ಎದ್ದ. ಇನ್ನೊಮ್ಮೆ ಒದ್ದಳು. ಮೊಣಕಾಲೂರಿ ಮತ್ತೆ ಏಳಲು ನೋಡಿದ, ಥರಥರ ನಡುಗುತ್ತ. ನಿರ್ದೇಶಕ ಕೇಳಿದ್ದು ಆ ನಡುಕವನ್ನೇ.

ಅವಳಿಗೆ ಅಳು ಬಂತು. ಇವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು. ಬಗ್ಗಿ, ಉಳಿದ ಒಂದು ಕೈಯಿಂದ ತಮ್ಮನ ಹೆಗಲಿಗೆ ಎರಡು ಸಲ ತಟ್ಟಿದಳು.

ಅವನ ಮೈ ಅದನ್ನು ನಂಬಿತು. ಕುಸಿದು, ಕೆನ್ನೆ ನೆಲಕ್ಕಿಟ್ಟು ಬಿಕ್ಕಿ ಬಿಕ್ಕಿ ಅತ್ತ. ಅವಳನ್ನು ತಟ್ಟುವವರು ಇನ್ನು ಯಾರೂ ಇರಲಿಲ್ಲ. ತೋಳು ಜೋತಾಡಿಸಿಕೊಂಡು ನಿಂತೇ ಇದ್ದಳು.