ಮೂವತ್ತೊಂದು ಪತ್ರಗಳ ಅಮೆರಿಕ

ನಮ್ಮ ಅಮೆರಿಕನ್ ಅಧ್ಯಯನ ವಿಭಾಗದಲ್ಲಿ ಅಮೆರಿಕ ಕಂಡವರು ಒಬ್ಬರೂ ಇಲ್ಲ. ಕಂಡಿದ್ದರೆ ಪಾಠ ಮಾಡುವುದು ಕಷ್ಟವಾಗುತ್ತಿತ್ತೇನೋ. ಮೂರನೇ ಮಹಡಿಯಲ್ಲಿ ನಾಲ್ಕು ಕೋಣೆ, ಗೋಡೆಯ ಮೇಲೆ ಐವತ್ತು ರಾಜ್ಯಗಳ ನಕಾಶೆ. ತೇವಕ್ಕೆ ಅದರ ಒಂದು ಮೂಲೆ ಕಿತ್ತುಬಂದು ಎರಡು ರಾಜ್ಯಗಳು ಕಸದ ಬುಟ್ಟಿ ಸೇರಿ ಬಹಳ ದಿನವಾಯಿತು. ಅಲ್ಲಿ ನಾನು ಒಂಬತ್ತು ವರ್ಷ ತಾತ್ಕಾಲಿಕ ಉಪನ್ಯಾಸಕಿ. ಆ ಜನರ ಅಡುಗೆಮನೆ, ಮದುವೆ, ವಿಚ್ಛೇದನ, ಒಂಟಿತನ ಎಲ್ಲ ನನಗೆ ಬಾಯಿಪಾಠ. ಅತ್ತೆ ನನ್ನನ್ನು ಅಮೆರಿಕದ ಮೇಡಮ್ಮು ಎಂದು ಕರೆಯುತ್ತಿದ್ದರು, ಹೊಗಳುವುದಕ್ಕಲ್ಲ.

ಕೆಲಸ ಕಾಯಂ ಆಗಬೇಕಾದರೆ ಪಿಎಚ್‌ಡಿ ಬೇಕಿತ್ತು, ಅದೂ ಒಂಬತ್ತನೇ ವರ್ಷ ಮುಗಿಯುವುದರೊಳಗೆ. ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ನನ್ನ ಗೈಡ್ ವಿಭಾಗದ ಮುಖ್ಯಸ್ಥರೇ. ಅವರನ್ನು ಎಲ್ಲರೂ ದೊಡ್ಡ ಮೇಷ್ಟ್ರು ಅನ್ನುತ್ತಿದ್ದರು. ಪಿಎಚ್‌ಡಿಗೆ ಸೇರಿದ ವಾರವೇ ನನ್ನ ಕೈಗೆ ಒಂದು ರಟ್ಟಿನ ಪೆಟ್ಟಿಗೆ ಕೊಟ್ಟರು. ಅಮೆರಿಕದಲ್ಲಿ ಯಾವುದೋ ಸಣ್ಣ ಊರಿನ ಗ್ರಂಥಾಲಯ ಮುಚ್ಚಿದಾಗ ಅಲ್ಲಿನವರು ಬೇಡದ ಪುಸ್ತಕಗಳನ್ನೆಲ್ಲ ನಮಗೆ ದಾನ ಕಳಿಸಿದ್ದರಂತೆ, ಅದರ ತಳದಲ್ಲಿ ಸಿಕ್ಕಿದ್ದು. ಒಳಗೆ ಮೂವತ್ತೊಂದು ಪತ್ರ, ಎಲ್ಲ ಟೈಪ್ ಮಾಡಿದ್ದು. ಒಬ್ಬ ಗೃಹಿಣಿ ತನ್ನ ಒಡಹುಟ್ಟಿದವಳಿಗೆ ಬರೆದದ್ದು. ಇದೇ ಪತ್ರಗಳ ಮೇಲೆ ದೊಡ್ಡ ಮೇಷ್ಟ್ರು ಇಪ್ಪತ್ತು ವರ್ಷದ ಹಿಂದೆ ಪುಸ್ತಕ ಬರೆದು ಪ್ರೊಫೆಸರ್ ಆಗಿದ್ದರು. ಇನ್ನೂ ಅಗೆಯುವುದು ಬಹಳ ಇದೆ ಎಂದು ನನ್ನನ್ನೂ ಆ ಗುಂಡಿಗೆ ಇಳಿಸಿದರು.

ನಾನು ಅಗೆದೆ. ಅವರ ಭಾಷೆಯಲ್ಲಿ ಅಕ್ಕನಿಗೂ ತಂಗಿಗೂ ಒಂದೇ ಮಾತು, ಹಾಗಾಗಿ ಬರೆದವಳು ಅಕ್ಕನೋ ತಂಗಿಯೋ ಎಂದು ತೀರ್ಮಾನಿಸುವುದಕ್ಕೇ ನನಗೆ ಒಂದು ತಿಂಗಳು ಹಿಡಿಯಿತು. ಬುದ್ಧಿವಾದ ಹೇಳುವ ಧಾಟಿ ನೋಡಿ ಅಕ್ಕ ಎಂದುಕೊಂಡೆ. ಪ್ರತಿ ಪತ್ರದ ಕೆಳಗೆ ಪೆನ್ಸಿಲಿನಲ್ಲಿ ಒಂದು ಸಂಖ್ಯೆ ಇತ್ತು. ಮೊದಲ ಪತ್ರದಲ್ಲಿ ಮೂವತ್ತೆಂಟು, ಕೊನೆಯದರಲ್ಲಿ ಅರವತ್ತೆರಡು. ನಾಲ್ಕು ಪತ್ರಗಳಲ್ಲಿ ಕೋಳಿಗಳ ಮಾತು ಬರುತ್ತಿದ್ದುದರಿಂದ ಅದು ಮೊಟ್ಟೆಯ ಲೆಕ್ಕ ಎಂದು ಕಂಡುಹಿಡಿದೆ. ಮೊಟ್ಟೆ ಮಾರಿ ಆ ಹೆಂಗಸು ಹೇಗೆ ತನ್ನ ಕಾಲ ಮೇಲೆ ತಾನು ನಿಂತಳು ಎಂದು ಇಪ್ಪತ್ತೆರಡು ಪುಟ ಬರೆದೆ. ಅಲ್ಲಲ್ಲಿ ಕೆಂಪು ಶಾಯಿಯಲ್ಲಿ ಪದಗಳಿಗೆ ಸುತ್ತು ಹಾಕಿತ್ತು. ಗಂಡ ಪತ್ರ ಓದಿಯೇ ಅಂಚೆಗೆ ಬಿಡುತ್ತಿದ್ದ ಎನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕೇ? ಒಂದೇ ಪತ್ರ ಮೂರು ಸಲ ಇತ್ತು, ಒಂದು ಮಾತೂ ಬದಲಿಲ್ಲದೆ. ಉತ್ತರ ಬಾರದೆ ಅದನ್ನೇ ಮತ್ತೆ ಮತ್ತೆ ಬರೆದಿದ್ದಾಳೆ ಎಂದು ತಿಳಿದು, ಒಂಟಿತನದ ಅಧ್ಯಾಯ ಬರೆಯುವಾಗ ನಿಜವಾಗಿಯೂ ಅತ್ತುಬಿಟ್ಟೆ. ನನ್ನ ಸ್ವಂತ ತಂಗಿ ಆಸ್ಪತ್ರೆಯಲ್ಲಿದ್ದಾಗ ಎರಡು ಸಲ ಮಾತ್ರ ನೋಡಲು ಹೋಗಿದ್ದೆ. ಈ ಹೆಂಗಸಿನ ಜೊತೆ ಆರು ವರ್ಷ ಕಳೆದೆ.

ಪ್ರಬಂಧದ ಪುಟಗಳನ್ನು ಓರಣ ಮಾಡಿ ಕೊಡುವುದು ನಮ್ಮ ವಿಭಾಗದ ಟೈಪಿಸ್ಟ್ ಕೆಲಸ. ಹದಿನಾರನೇ ವಯಸ್ಸಿಗೆ ಟೈಪಿಂಗ್ ಕಲಿತು, ಮೂವತ್ತನಾಲ್ಕು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತವರು, ನಿವೃತ್ತಿಗೆ ಇನ್ನು ಮೂರು ವರ್ಷ. ಟೈಪಮ್ಮ ಎಂದೇ ಎಲ್ಲರ ಬಾಯಲ್ಲಿ. ಪ್ರಬಂಧ ಸಲ್ಲಿಸಲು ಎರಡು ವಾರ ಇದ್ದಾಗ, ಅನುಬಂಧಕ್ಕೆಂದು ಪತ್ರಗಳ ಚಿತ್ರ ತೆಗೆದು ಅವರಿಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ನೋಡಿದರು, ಆಮೇಲೆ ಇಳಿಸಿ ನನ್ನನ್ನು ನೋಡಿದರು.

"ಇದು ಟೈಪಿಂಗ್ ಕ್ಲಾಸಿನ ಹಾಳೆ ಅಲ್ವಾ," ಅಂದರು. "ನಾವೂ ಹೀಗೇ ಬಡೀತಿದ್ವಿ. ಅಕ್ಕನಿಗೊಂದು ಕಾಗದ, ಅತ್ತೆಗೊಂದು ಕಾಗದ, ಎಲ್ಲ ಪುಸ್ತಕದಲ್ಲಿ ಇರೋದೇ. ಕೆಳಗೆ ಬರೆದಿರೋದು ನಿಮಿಷಕ್ಕೆ ಎಷ್ಟು ಪದ ಅಂತ. ಕೆಂಪು ಸುತ್ತು ಇರೋದು ತಪ್ಪಿಗೆ. ಇದನ್ನ ನೋಡಿ, ಮೂರು ಸಲ ಬಡಿಸಿದ್ದಾರೆ. ಹುಡುಗಿಗೆ ಬರ್ತಿರಲಿಲ್ಲ ಪಾಪ."

ಆರು ವರ್ಷ ಮಣ್ಣುಪಾಲು. ಗಂಡನಿಲ್ಲ, ಕೋಳಿಯಿಲ್ಲ, ಅಕ್ಕನೂ ಇಲ್ಲ. ಯಾವುದೋ ಹುಡುಗಿ ಬೆರಳು ನೋಯಿಸಿಕೊಂಡು ಪುಸ್ತಕ ನೋಡಿ ಬಡಿದ ಪಾಠ. ದೊಡ್ಡ ಮೇಷ್ಟ್ರಿಗೆ ಇದು ತಿಳಿಯದೇ ಹೋಯಿತೇ ಎಂದು ಕೇಳಿದೆ. ಮೇಷ್ಟ್ರ ಪುಸ್ತಕ ಟೈಪ್ ಮಾಡಿದ್ದೂ ಟೈಪಮ್ಮನೇ, ಆಗಲೇ ಹೇಳಿಯೂ ಇದ್ದರಂತೆ. ನಿನ್ನ ಕೆಲಸ ಬಡಿಯೋದು, ಓದೋದಲ್ಲ ಎಂದು ಮೇಷ್ಟ್ರು ಬಾಯಿ ಮುಚ್ಚಿಸಿದರಂತೆ. ನನಗೆ ಕೊಟ್ಟದ್ದು ಅದೇ ಪೆಟ್ಟಿಗೆ ಎಂದು ಟೈಪಮ್ಮನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ದೊಡ್ಡ ಮೇಷ್ಟ್ರ ಕೋಣೆಗೆ ಹೋದೆ. ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ, ಆಗಲಿಲ್ಲ. ಮಗುವಿಗೆ ಮಗ್ಗಿ ಹೇಳಿಕೊಡುವ ದನಿಯಲ್ಲಿ ವಿವರಿಸಿದರು. ಟೈಪಿಸ್ಟ್ ಮಾತು ಆಧಾರವಾಗುವುದಿಲ್ಲ. ಹೊರಗಿನಿಂದ ಬರುವ ಪರೀಕ್ಷಕರ ಎರಡು ಲೇಖನಗಳೂ ಈ ಪತ್ರಗಳ ಮೇಲೇ ನಿಂತಿವೆ. ಈಗ ಹೊಸ ವಿಷಯ ಹಿಡಿದರೆ ಇನ್ನೂ ನಾಲ್ಕು ವರ್ಷ, ಆ ಹೊತ್ತಿಗೆ ನನ್ನ ಜಾಗದಲ್ಲಿ ಬೇರೆಯವರು ಕೂತಿರುತ್ತಾರೆ. ಎಲ್ಲ ಹೇಳಿ ಮುಗಿಸಿ, ಮೊಟ್ಟೆಯ ಭಾಗ ತುಂಬಾ ಚೆನ್ನಾಗಿ ಬಂದಿದೆ ಅಂದರು. ಮುಖಕ್ಕೆ ಉಗಿಯಬೇಕಿತ್ತು. ಬಾಗಿಲು ನಿಧಾನವಾಗಿ ಎಳೆದುಕೊಂಡು ಬಂದೆ. ಪ್ರಬಂಧ ಇದ್ದ ಹಾಗೇ ಸಲ್ಲಿಸಿದೆ.

ಮೌಖಿಕ ಪರೀಕ್ಷೆಯ ದಿನ ಹೊರಗಿನ ಪರೀಕ್ಷಕರು ಬಂದರು. ಸಂಭಾವಿತ ಮನುಷ್ಯ, ಬೆವರು ಒರೆಸಿಕೊಳ್ಳುವುದಕ್ಕೂ ಕ್ಷಮೆ ಕೇಳುವವರು. ಮೊಟ್ಟೆಯ ಲೆಕ್ಕ ಇಡೀ ಕ್ಷೇತ್ರಕ್ಕೇ ಹೊಸ ದಾರಿ ತೋರಿಸಿದೆ ಎಂದು ಹೊಗಳಿ, ಆ ಸಂಖ್ಯೆಗಳ ಬಗ್ಗೆ ಇನ್ನಷ್ಟು ಹೇಳಿ ಎಂದರು. ಅಲ್ಲಿ ನನಗೆ ತಡೆಯಲಾಗಲಿಲ್ಲ. ಧೈರ್ಯವಲ್ಲ ಅದು, ವಾಂತಿಯ ಹಾಗೆ ತಾನಾಗಿ ಬಂದದ್ದು. ಅದು ಮೊಟ್ಟೆಯಲ್ಲ, ಇವು ಪತ್ರಗಳೇ ಅಲ್ಲ, ಟೈಪಿಂಗ್ ಪಾಠ ಎಂದುಬಿಟ್ಟೆ.

ಯಾವ ಆಧಾರದ ಮೇಲೆ ಹೇಳುತ್ತೀರಿ ಎಂದು ಪರೀಕ್ಷಕರು ಕೇಳಿದರು. ಒಂಬತ್ತು ವರ್ಷ ನಾನು ಮಕ್ಕಳಿಗೆ ಕಲಿಸಿದ್ದು ಒಂದೇ, ಏನೇ ಹೇಳಿ, ಮೂಲ ಹೇಳಿ. ಬಾಯಿಗೆ ಅಭ್ಯಾಸವಾಗಿಹೋಗಿತ್ತು.

"ನಮ್ಮ ವಿಭಾಗದ ಟೈಪಿಸ್ಟ್ ಹೇಳಿದರು," ಅಂದೆ.

ಪರೀಕ್ಷಕರು ದೊಡ್ಡ ಮೇಷ್ಟ್ರ ಮುಖ ನೋಡಿದರು, ದೊಡ್ಡ ಮೇಷ್ಟ್ರು ಕಿಟಕಿ ನೋಡಿದರು. ಆಮೇಲೆ ಇಬ್ಬರೂ ಮೆಲ್ಲಗೆ ನಕ್ಕರು. ಕೊನೆಯ ಘಳಿಗೆಯಲ್ಲಿ ಒಳ್ಳೆಯ ಸಂಶೋಧಕರಿಗೆಲ್ಲ ಹೀಗೇ ದಿಗಿಲಾಗುತ್ತದೆ ಎಂದು ಪರೀಕ್ಷಕರು ನನಗೆ ನೀರು ಕೊಟ್ಟರು. ನಾನು ನೀರು ಕುಡಿದೆ. ಅರ್ಧ ಗಂಟೆಯಲ್ಲಿ ಡಾಕ್ಟರ್ ಆದೆ. ಅಭ್ಯರ್ಥಿ ತನ್ನ ಆಕರಗಳನ್ನೇ ಅನುಮಾನಿಸುವ ಅಪರೂಪದ ವಿನಯ ಉಳ್ಳವರು ಎಂದು ವರದಿಯಲ್ಲಿ ಬರೆದರು. ಅದನ್ನು ಟೈಪ್ ಮಾಡಿದ್ದು ಯಾರು ಎಂದು ಬೇರೆ ಹೇಳಬೇಕಾಗಿಲ್ಲ.

ಕೆಲಸ ಕಾಯಂ ಆಯಿತು. ಅತ್ತೆ ಪಕ್ಕದ ಮನೆಯವರಿಗೆಲ್ಲ ನಮ್ಮ ಡಾಕ್ಟರು ಎಂದು ಹೇಳಿಕೊಂಡು ಬಂದರು. ನಾನು ಕಾಯಂ ಸದಸ್ಯೆಯಾಗಿ ಕೂತ ಮೊದಲ ಸಭೆಯಲ್ಲಿ ಮೂರನೇ ವಿಷಯ ಟೈಪಿಸ್ಟ್ ಹುದ್ದೆಯದು. ಈಗ ಎಲ್ಲರ ಮೇಜಿನ ಮೇಲೂ ಕಂಪ್ಯೂಟರ್ ಇದೆ, ವಿಭಾಗಕ್ಕೆ ಟೈಪಿಸ್ಟ್ ಅಗತ್ಯವಿಲ್ಲ, ಅವರನ್ನು ನೆಲಮಾಳಿಗೆಯ ಉತ್ತರಪತ್ರಿಕೆ ಗೋದಾಮಿಗೆ ಕಳಿಸಬಹುದು ಎಂದು ದೊಡ್ಡ ಮೇಷ್ಟ್ರು ಓದಿದರು. ಕಂಪ್ಯೂಟರ್ ಬಂದು ಹದಿನೈದು ವರ್ಷವಾಗಿತ್ತು. ಒಪ್ಪುವವರು ಕೈ ಎತ್ತಿ ಅಂದರು. ನಾಲ್ಕು ಕೈ ಮೇಲೆ ಹೋಯಿತು, ನಾಲ್ಕು ಮುಖ ನನ್ನ ಕಡೆ ತಿರುಗಿತು. ಒಂದು ವರ್ಷ ಪ್ರೊಬೇಷನ್ ಇತ್ತು ನನಗೆ. ಕೈ ಎತ್ತಿದೆ.

ಮಧ್ಯಾಹ್ನ ಟೈಪಮ್ಮ ಠರಾವಿನ ಹಾಳೆ ಹಿಡಿದು ನನ್ನ ಕೋಣೆಗೆ ಬಂದರು. ಒಂದೂ ತಪ್ಪಿಲ್ಲದ ಹಾಳೆ. ಸಹಿ ಎಲ್ಲಿ ಹಾಕಬೇಕು ಎಂದು ಬೆರಳಿಟ್ಟು ತೋರಿಸಿದರು. ನಾನು ಪೆನ್ನು ಹುಡುಕುತ್ತಿರುವಾಗ ಕೇಳಿದರು:

"ಅವತ್ತು ಅವರ ಮುಂದೆ ನನ್ನ ಮಾತು ಯಾಕೆ ಎತ್ತಿದ್ರಿ?"

ಸಂಶೋಧನೆಯಲ್ಲಿ ಮೂಲ ಹೇಳಲೇಬೇಕಾಗುತ್ತದೆ, ಅದು ನಿಯಮ ಎಂದೆ.

"ಹೌದಾ," ಅಂದರು ಟೈಪಮ್ಮ. "ನಿಮ್ಮ ಪ್ರಬಂಧ ಪೂರ್ತಿ ನಾನೇ ಜೋಡಿಸಿದ್ದು. ಅದರಲ್ಲಿ ಎಲ್ಲೂ ಹೇಳಿಲ್ವಲ್ಲ."

ಅವರು ಕಾಯುತ್ತಾ ನಿಂತರು. ನಾನು ಸಹಿ ಹಾಕಿದೆ.