ಹನ್ನೊಂದು ನಲವತ್ತರವರೆಗಿನ ಕಾರ್ಯದರ್ಶಿ

ನಮ್ಮ ಲೂಥರನ್ ಕ್ರೈಸ್ತ ಸಭೆಯ ನಿಯಮಾವಳಿಯಿಂದ ಒಂದು ಪದ ಹೋಗಬೇಕಾದರೆ ಅದನ್ನು ಅಳಿಸುವುದಿಲ್ಲ, ಅದರ ಮೈಮೇಲೆ ಒಂದು ಗೆರೆ ಎಳೆಯುತ್ತೇವೆ. ಹೊಸದಾಗಿ ಬರುವ ಪದಕ್ಕೆ ಅಡಿಗೆರೆ. ಮಹಾಸಭೆಗೆ ಬಂದ ಪ್ರತಿನಿಧಿಗಳು ಹೋಗುವುದನ್ನೂ ಬರುವುದನ್ನೂ ಒಟ್ಟಿಗೆ ನೋಡಿ ಮತ ಹಾಕಬೇಕು ಎಂಬುದು ಪದ್ಧತಿ. ಈ ಗೆರೆಗಳನ್ನು ಎಳೆಯುವುದೇ ಮೂರು ವರ್ಷದಿಂದ ನನ್ನ ಕೆಲಸ. ಗೆರೆ ಎಳೆಸಿಕೊಂಡ ಪದಗಳು ನನ್ನ ಕಣ್ಣಿಗೆ ಹೊದಿಕೆ ಎಳೆದುಕೊಂಡು ಮಲಗಿದ ಮಕ್ಕಳ ಹಾಗೆ ಕಾಣುತ್ತವೆ. ಒಮ್ಮೆ ಬಾಯಿತಪ್ಪಿ ಇದನ್ನು ಮಾವನಿಗೆ ಹೇಳಿಬಿಟ್ಟಿದ್ದೆ.

"ಹೌದೌದು, ಜೋಗುಳ ಹಾಡ್ತಾ ಕೂತ್ಕೋ. ಮೂರನೇ ಪುಟ ಯಾವಾಗ ಕೊಡ್ತೀಯ?" ಅಂದಿದ್ದ.

ಮಾವ ಎಂದರೆ ಅಮ್ಮನ ತಮ್ಮ. ಸಭೆಯ ಕಾರ್ಯದರ್ಶಿ ಎಂದರೂ ಅವನೇ. ಮೂರು ವರ್ಷಕ್ಕೊಮ್ಮೆ ಸೇರುವ ಮಹಾಸಭೆ ಅವನನ್ನು ಆರು ಸಲ ಆರಿಸಿ ಕೂರಿಸಿತ್ತು. ಆ ಹುದ್ದೆಯಲ್ಲಿರುವವನು ನಮ್ಮ ವಿಶ್ವವಿದ್ಯಾಲಯದ ಆಡಳಿತ ಮಂಡಳಿಗೂ ತಾನಾಗಿಯೇ ಕಾರ್ಯದರ್ಶಿ. ಹೀಗೆ ಹದಿನೆಂಟು ವರ್ಷ ಎರಡು ಕುರ್ಚಿ. ಮನೆಯಲ್ಲಿ ಮಾತ್ರ ಒಂದೇ ಕುರ್ಚಿ. ಅತ್ತೆ ತೀರಿಕೊಂಡ ಮೇಲೆ ಇನ್ನೊಂದನ್ನು ಅವನು ಅಟ್ಟಕ್ಕೆ ಹಾಕಿದ್ದ.

ಈ ವರ್ಷದ ತಿದ್ದುಪಡಿ ಎರಡೂ ಕುರ್ಚಿಗಳನ್ನು ಒಟ್ಟಿಗೆ ಎತ್ತುವಂಥದು. ಪದಾಧಿಕಾರಿಗಳು ಐವರ ಬದಲು ನಾಲ್ವರು. ಚುನಾಯಿತ ಕಾರ್ಯದರ್ಶಿಯ ಹುದ್ದೆ ರದ್ದು. ಕಚೇರಿ ನೋಡಿಕೊಳ್ಳಲು ಅಧ್ಯಕ್ಷರು ಒಬ್ಬರನ್ನು ಸಂಬಳಕ್ಕೆ ನೇಮಿಸಿಕೊಳ್ಳುತ್ತಾರೆ. ವಿಶ್ವವಿದ್ಯಾಲಯದ ಮಂಡಳಿ ಹದಿನೇಳರಿಂದ ಹನ್ನೊಂದಕ್ಕೆ ಇಳಿಯುತ್ತದೆ, ತನ್ನ ಕಾರ್ಯದರ್ಶಿಯನ್ನು ತಾನೇ ಆರಿಸಿಕೊಳ್ಳುತ್ತದೆ. ಇದನ್ನೆಲ್ಲ ಕಲಂ ಕಲಮಾಗಿ ಬರೆದುಕೊಟ್ಟವನು ಮಾವನೇ. ಅಷ್ಟು ಅಚ್ಚುಕಟ್ಟಾಗಿ ಬರೆಯುವವರು ಸಭೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ನಿನಗೆ ಬೇಜಾರಾಗಲ್ವಾ?" ಅಂತ ಕೇಳಿದ್ದೆ.

"ಸರಿಯಾದದ್ದೇ ತಾನೆ? ವಿಶ್ವವಿದ್ಯಾಲಯ ಬೆಳೆದಿದೆ, ಅದರ ಕೈ ಹಿಡ್ಕೊಂಡು ರಸ್ತೆ ದಾಟಿಸೋಕೆ ನಾನ್ಯಾಕೆ?" ಅಂದ. ಆಮೇಲೆ ಪೆನ್ನಿನ ನಿಬ್ಬು ಒರೆಸುತ್ತ ಹೇಳಿದ, "ಈ ಮಹಾಸಭೆಯ ನಡವಳಿ ಒಂದನ್ನ ಪೂರ್ತಿ ಬರೆದು, ಮೂರನೇ ದಿನ ಸಂಜೆ ಸಹಿ ಹಾಕ್ಬಿಟ್ರೆ ಸಾಕು. ಏಳನೇ ಪುಸ್ತಕ ಮುಗೀತದೆ. ಆಮೇಲೆ ಯಾರು ಬೇಕಾದ್ರೂ ಬರ್ಲಿ."

ಅವನಿಗೆ ಬೇಕಾಗಿದ್ದುದು ಅಷ್ಟೇ, ಒಂದು ಸಹಿ. ಅವನ ಕಪಾಟಿನಲ್ಲಿ ಆರು ನಡವಳಿ ಪುಸ್ತಕಗಳು ಸಾಲಾಗಿ ನಿಂತಿದ್ದವು, ಆರರ ಕೊನೆಯ ಪುಟದಲ್ಲೂ ಅವನ ಹೆಸರು, ಅದರ ಕೆಳಗೆ 'ಕಾರ್ಯದರ್ಶಿ' ಎಂಬ ಒಂದು ಪದ. ಮಕ್ಕಳ ಫೋಟೋ ಇಡುವ ಜಾಗದಲ್ಲಿ ಅವನು ಆ ಪುಸ್ತಕಗಳನ್ನು ಇಟ್ಟಿದ್ದ.

ಮಹಾಸಭೆಯ ಎರಡನೇ ದಿನ ಬೆಳಿಗ್ಗೆ, ಸಭಾಂಗಣದಲ್ಲಿ ಮೇಜುಗಳ ಮೇಲೆ ತಿದ್ದುಪಡಿಯ ಪುಸ್ತಿಕೆ ಹಂಚುತ್ತ ಹೋಗುವಾಗ, ನಾನೇ ಟೈಪು ಮಾಡಿದ ಕೊನೆಯ ಪುಟವನ್ನು ಮೊದಲ ಸಲ ಓದಿದೆ. ಟೈಪು ಮಾಡುವಾಗ ನಾನು ಓದುವುದಿಲ್ಲ. ಆಗ ನನ್ನ ತಲೆ ಎಲ್ಲೋ ಅಜ್ಜಿಯ ಕತೆಗಳ ಏಳು ಸಮುದ್ರಗಳ ಆಚೆ ಇರುತ್ತದೆ. ಮಂಡಳಿಯ ಈಗಿನ ಸದಸ್ಯರು ತಮ್ಮ ಅವಧಿ ಮುಗಿಯುವವರೆಗೆ ಮುಂದುವರಿಯತಕ್ಕದ್ದು ಎಂದಿತ್ತು. ಮಂಡಳಿಯ ಅಧ್ಯಕ್ಷರಿಗೆ ಆರು ತಿಂಗಳು ಕಾಲಾವಕಾಶ. ಕುಲಪತಿಗೂ ಒಂದು ಸಾಲು. ಸಭೆಯ ಕಾರ್ಯದರ್ಶಿಗೆ ಮಾತ್ರ ಏನೂ ಇರಲಿಲ್ಲ. ಬೇರೆ ದಿನ ಹೇಳದಿದ್ದರೆ ತಿದ್ದುಪಡಿ ಜಾರಿಗೆ ಬರುವುದು ಅಂಗೀಕಾರವಾಯಿತೆಂದು ಅಧ್ಯಕ್ಷರು ಸಾರಿದ ಗಳಿಗೆಯಿಂದಲೇ. ಅಂದರೆ ಅವತ್ತೇ, ಸಭೆಯ ನಟ್ಟನಡುವೆ.

ಮಾವ ವೇದಿಕೆಯ ಪಕ್ಕದ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದ. ಪುಟ ಮುಂದಿಟ್ಟೆ. ಅವನು ಎರಡು ಸಲ ಓದಿದ. ಲೋಟ ಕೆಳಗಿಟ್ಟು ಮೂರನೇ ಸಲ ಓದಿದ.

"ಮರೆತೆ ಕಣೆ," ಅಂದ.

"ನಿನ್ನನ್ನ ನೀನೇ ಮರೆತ್ಯಾ?"

"ಎಲ್ಲರ ಪಟ್ಟಿ ಮಾಡಿದ್ದೆ..." ಅವನು ನಕ್ಕ, ಆದರೆ ನಗು ಮೀಸೆ ದಾಟಿ ಬರಲಿಲ್ಲ.

ಅಜ್ಜಿ ಒಬ್ಬ ಬಡಗಿಯ ಕತೆ ಹೇಳುತ್ತಿದ್ದಳು. ಊರಿಗೆಲ್ಲ ಬಾಗಿಲು ಮಾಡಿಕೊಟ್ಟು ತನ್ನ ಮನೆಗೆ ಕಿಟಕಿ ಹತ್ತಿ ಇಳಿಯುತ್ತಿದ್ದವನು. ಮಕ್ಕಳಾಗಿ ನಾವು ಆ ಕತೆಗೆ ಬಿದ್ದು ಬಿದ್ದು ನಗುತ್ತಿದ್ದೆವು. ಮಾವನೂ ಆ ಕತೆ ಕೇಳುತ್ತಲೇ ಬೆಳೆದವನು.

"ಒಂದು ಸಾಲು ಸಾಕು ಮಾವ. 'ಕಾರ್ಯದರ್ಶಿಯ ಹುದ್ದೆ ಈ ಮಹಾಸಭೆ ಮುಗಿದ ಮೇಲೆ ರದ್ದಾಗತಕ್ಕದ್ದು.' ಮತ ಹಾಕೋ ಮುಂಚೆ ಯಾರಾದ್ರೂ ಪ್ರತಿನಿಧಿ ಎದ್ದು ಮಂಡಿಸಿದ್ರೆ ಆಯ್ತು."

"ಯಾರೂ ಮಂಡಿಸೋದು ಬೇಡ. ಬರೆದೋನು ನಾನು. ಕೊನೇ ಗಳಿಗೇಲಿ ಸೋದರಸೊಸೆ ಕೈಲಿ ತನಗೊಂದು ಬಾಲ ಅಂಟಿಸ್ಕೊಂಡ ಅನ್ನಲ್ವಾ ಜನ?"

"ಅನ್ಲಿ ಬಿಡು!"

"ನನ್ನಾಣೆ," ಅಂದ ಮಾವ. "ಯಾರ ಹತ್ರಾನೂ ಬಾಯಿ ಬಿಡ್ಬೇಡ."

ನಾನು ಬಾಯಿ ಬಿಡಲಿಲ್ಲ. ಆದರೆ ಆ ಸಾಲನ್ನು ಒಂದು ಚೀಟಿಯಲ್ಲಿ ಬರೆದು ಮುಷ್ಟಿಯಲ್ಲಿಟ್ಟುಕೊಂಡೆ. ಚೀಟಿ ಕೊಟ್ಟರೆ ಬಾಯಿ ಬಿಟ್ಟ ಹಾಗಾಗುವುದಿಲ್ಲ ಎಂದು ನನಗೆ ನಾನೇ ವಕಾಲತ್ತು ಮಾಡಿಕೊಂಡೆ. ಬಾಗಿಲಲ್ಲಿ ಮಫ್ಲರ್ ಪಾದ್ರಿ ಸಿಕ್ಕರು. ಬಿರುಬಿಸಿಲಿನಲ್ಲೂ ಕುತ್ತಿಗೆಗೆ ಮಫ್ಲರ್ ಸುತ್ತಿಕೊಳ್ಳುವ, ಮಾವನ ಜೊತೆ ಓದಿದ ಪ್ರತಿನಿಧಿ ಅವರು.

"ಏನಮ್ಮಾ, ನಿಮ್ಮ ಮಾವ ಕೂತ ಕುರ್ಚಿ ಕಾಲಿಗೆ ತಾನೇ ಗರಗಸ ಇಟ್ನಲ್ಲ! ಬೀಳೋವಾಗ ಒಂದು ದಿಂಬು ಹಾಕೋಣ್ವಾ?"

"ಹಾಕಿ ಪಾದ್ರಿಗಳೇ," ಅಂದೆ. ಚೀಟಿ ಕೈಯಲ್ಲಿ ಬೆವರುತ್ತಿತ್ತು.

"ಅಯ್ಯೋ, ಅವನಿಗ್ಯಾಕೆ ದಿಂಬು, ಬೆಕ್ಕಿನ ಜಾತಿ. ಹೇಗೆ ಬಿದ್ರೂ ಕಾಲ ಮೇಲೇ ನಿಲ್ತಾನೆ," ಎಂದು ನಗುತ್ತ ಒಳಗೆ ನಡೆದರು. ಹಿಂದೆ ಓಡಬಹುದಿತ್ತು. ಓಡಲಿಲ್ಲ.

ನನ್ನ ಮೇಜು ವೇದಿಕೆಯ ಕೆಳಗೆ, ಮಾವನ ಕಾಲ ಬುಡದಲ್ಲಿ. ಅಲ್ಲಿ ಕೂತವರಿಗೆ ಮತವೂ ಇಲ್ಲ, ಮಾತೂ ಇಲ್ಲ. ನಿಯಮಾವಳಿ ಸಮಿತಿಯ ಮುಖ್ಯಸ್ಥೆ ವಕೀಲರಮ್ಮ ಕಲಂಗಳನ್ನು ಓದಿದರು. ವಿಶ್ವವಿದ್ಯಾಲಯ ಸಭೆಯ ಕೈತಪ್ಪುತ್ತದೆ ಎಂದು ಇಬ್ಬರು ಸಿಟ್ಟಾದರು, ಇಷ್ಟು ದಿನ ಕೈಯಲ್ಲಿ ಹಿಡಿದು ಏನು ಕಡಿದು ಕಟ್ಟೆ ಹಾಕಿದಿರಿ ಎಂದು ಒಬ್ಬರು ಕೇಳಿದರು. ಕಾರ್ಯದರ್ಶಿಯ ಮಾತು ಯಾರೂ ಎತ್ತಲಿಲ್ಲ. ಮಫ್ಲರ್ ಪಾದ್ರಿ ಮೂರನೇ ಸಾಲಿನಲ್ಲಿ ಕನ್ನಡಕ ಒರೆಸುತ್ತಿದ್ದರು. ನಾನು ಅವರನ್ನೇ ದಿಟ್ಟಿಸಿದೆ, ದಿಟ್ಟಿಸಿದರೆ ಗೊತ್ತಾಗುತ್ತದೆ ಎನ್ನುವ ಹಾಗೆ. ಪರ ಇನ್ನೂರ ಹನ್ನೆರಡು, ವಿರೋಧ ಅರವತ್ತೊಂದು.

"ಅಂಗೀಕಾರವಾಗಿದೆ," ಎಂದರು ಅಧ್ಯಕ್ಷರು. ಚಪ್ಪಾಳೆ ಬಿತ್ತು. ನನ್ನ ಮೇಲ್ಗಡೆ ಪೆನ್ನಿನ ಕ್ಯಾಪು ಹಾಕಿದ ಸದ್ದು ಕೇಳಿಸಿತು.

ಮೊದಲು ಗಮನಿಸಿದವರು ವಕೀಲರಮ್ಮ. "ಅಧ್ಯಕ್ಷರೇ, ಕಾರ್ಯದರ್ಶಿಗಳು ಬರೀತಾ ಇಲ್ಲ."

"ಯಾಕಪ್ಪಾ, ಮಸಿ ಮುಗೀತಾ?"

ಮಾವ ಎದ್ದು ನಿಂತ. "ಅಂಗೀಕಾರ ಆದದ್ದು ಹನ್ನೊಂದು ನಲವತ್ತಕ್ಕೆ. ಅಲ್ಲೀವರೆಗೆ ಬರೆದಿದ್ದೇನೆ. ಈಗ ಆ ಹುದ್ದೆ ಇಲ್ಲ."

ಪುಸ್ತಿಕೆಗಳ ಪುಟ ಮಗುಚುವ ಸದ್ದು ಸಭಾಂಗಣದ ತುಂಬ ಹರಡಿತು. ಅಧ್ಯಕ್ಷರ ಮುಖ ಕೆಂಪಾಯಿತು. ಒಳ್ಳೆಯ ಮನುಷ್ಯ ಅವರು. "ಛೆ, ಇದಕ್ಕೇನಂತೆ! ನಾಳೆ ಸಂಜೇವರೆಗೆ ಇವರೇ ಮುಂದುವರೀಲಿ ಅಂತ ಒಂದು ನಿರ್ಣಯ ಮಾಡಿದ್ರಾಯ್ತು. ಮಾಡಬಹುದಲ್ವಾ?" ಎಂದು ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿದರು. ನಿಯಮದ ಅನುಮಾನ ಬಂದಾಗಲೆಲ್ಲ ಹದಿನೆಂಟು ವರ್ಷ ಇಡೀ ಸಭೆ ತಿರುಗುತ್ತಿದ್ದುದು ಅದೇ ಪಕ್ಕಕ್ಕೆ.

ಮಾವ ನಿಯಮಾವಳಿ ತೆರೆಯಲಿಲ್ಲ. ಅವನಿಗೆ ಅದು ಬಾಯಿಪಾಠ. ಹೂಂ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು, ಇನ್ನೂರ ಎಪ್ಪತ್ತಮೂರು ಜನರಲ್ಲಿ ಒಬ್ಬರೂ ತಕರಾರು ಎತ್ತುತ್ತಿರಲಿಲ್ಲ. ಹೂಂ ಅನ್ನು ಮಾವ, ಎಂದು ನಾನು ಮೇಜಿನಡಿ ಚೀಟಿಯನ್ನು ಹಿಸುಕಿದೆ.

"ಬರೋದಿಲ್ಲ," ಅಂದ ಮಾವ. "ಇಲ್ಲದ ಹುದ್ದೆಗೆ ನಿರ್ಣಯದಿಂದ ಯಾರನ್ನೂ ಕೂರಿಸೋ ಹಾಗಿಲ್ಲ. ನಿಯಮಾನೇ ಮತ್ತೆ ತಿದ್ದಬೇಕು, ಅದಕ್ಕೆ ಅರವತ್ತು ದಿನದ ನೋಟಿಸ್ ಬೇಕು."

"ನೀವು ಇಲ್ಲೇ ಕೂತಿರಿ, ಪರವಾಗಿಲ್ಲ."

"ವೇದಿಕೆ ಪದಾಧಿಕಾರಿಗಳಿಗೆ, ಅಧ್ಯಕ್ಷರೇ."

ಅವನು ಕೆಳಗಿಳಿದು ಬಂದ. ಪ್ರತಿನಿಧಿಗಳ ಸಾಲುಗಳ ನಡುವೆ ನಿಂತು ಆ ಕಡೆ ಈ ಕಡೆ ನೋಡಿದ. ಪದಾಧಿಕಾರಿ ಎಂದೇ ಬಂದವನು ಯಾವ ಊರಿನ ಪ್ರತಿನಿಧಿಯೂ ಅಲ್ಲ; ಅಲ್ಲಿ ಅವನಿಗೊಂದು ಜಾಗವೂ ಇರಲಿಲ್ಲ. ಮಫ್ಲರ್ ಪಾದ್ರಿ ಎದ್ದು ತಮ್ಮ ಕುರ್ಚಿ ತೋರಿಸಿದರು. ಮಾವ ಅವರ ಭುಜ ತಟ್ಟಿ ಕೂರಿಸಿ, ಹಿಂದಿನ ಬಾಗಿಲಿನಿಂದ ಪ್ರೇಕ್ಷಕರ ಗ್ಯಾಲರಿಗೆ ಹತ್ತಿದ. ಮೆಟ್ಟಿಲಿನ ಮೇಲೆ ಅವನ ಹೆಜ್ಜೆ ಕೊನೆಯವರೆಗೂ ಕೇಳಿಸಿತು.

"ಮಗಳೇ, ನೀನೇ ಬರಿ," ಅಂದರು ಅಧ್ಯಕ್ಷರು. "ನಿನ್ನನ್ನ ಕಚೇರಿಗೆ ಈಗಲೇ ನೇಮಿಸಿದ್ದೇನೆ. ಹೊಸ ಕಲಮಿನ ಪ್ರಕಾರ."

ಮಾವನ ಕುರ್ಚಿ ಇನ್ನೂ ಬೆಚ್ಚಗಿತ್ತು. ಅದರಲ್ಲಿ ಕೂತು ಬರೆದೆ. ನಡವಳಿಯಲ್ಲಿ ನಿರ್ಣಯ ಬರೆಯಬೇಕು, ಮುಖ ಬರೆಯುವ ಹಾಗಿಲ್ಲ.

ಊಟದ ಬಿಡುವಿನಲ್ಲಿ ಎಲ್ಲರೂ ಹೊರಗೆ ಹೋದ ಮೇಲೆ ಪುಸ್ತಕ ಎತ್ತಿಕೊಂಡು ಗ್ಯಾಲರಿಗೆ ಹೋದೆ. ನೂರಿಪ್ಪತ್ತು ಬೆಂಚುಗಳಲ್ಲಿ ಅವನೊಬ್ಬನೇ ಇದ್ದ. ಮುಂದಿನ ಸಾಲಿನಲ್ಲೂ ಅಲ್ಲ, ಹಿಂದೆಯೂ ಅಲ್ಲ, ಎಲ್ಲಿ ಕೂರಬೇಕೆಂದು ತಿಳಿಯದವನ ಹಾಗೆ ಮಧ್ಯದಲ್ಲಿ. ಪಕ್ಕದಲ್ಲಿ ಕೂತೆ.

"ಊಟಕ್ಕೆ ಹೋಗ್ಲಿಲ್ವಾ?"

"ಕೂಪನ್ನು ಪದಾಧಿಕಾರಿಗಳ ಮೇಜಿಂದು."

"ನಿಂದೊಂದು ಅತಿಯಾಯ್ತು ಮಾವ!" ನನಗೆ ಅಳು ಬಂತು. "ನನ್ನ ಹತ್ರ ಚೀಟಿ ಇತ್ತು. ಕೊಡ್ಲಿಲ್ಲ."

"ಗೊತ್ತು. ಬಾಗಿಲ ಹತ್ರ ನೋಡ್ದೆ." ಕೂಪನ್ನನ್ನು ಎರಡಾಗಿ ಮಡಿಚಿದ. ಆಮೇಲೆ ಮೆಲ್ಲಗೆ ಅಂದ, "ಕೊಟ್ಬಿಡ್ತೀಯೇನೋ ಅಂದ್ಕೊಂಡಿದ್ದೆ."

ಅವನು ಆಣೆ ಇಟ್ಟದ್ದೂ ನಿಜ, ಅದನ್ನು ನಾನು ಮುರಿಯಲಿ ಎಂದು ಅವನೇ ಕಾದದ್ದೂ ನಿಜ. ಇಬ್ಬರೂ ಕೆಳಗಿನ ಖಾಲಿ ಕುರ್ಚಿಗಳನ್ನು ನೋಡುತ್ತ ಕೂತೆವು.

ನಾನು ಪುಸ್ತಕ ತೆರೆದೆ. ಅವನ ಬರಹ ನಿಂತು ನನ್ನದು ಶುರುವಾಗುವ ಕಡೆ, ಪುಟದ ನಡುವೆ, ಅಡ್ಡಗೆರೆ ಹಾಕಿ ಎರಡು ಬೆರಳಿನಷ್ಟು ಜಾಗ ಬಿಟ್ಟಿದ್ದೆ. "ಹನ್ನೊಂದು ನಲವತ್ತರವರೆಗೆ ಬರೆದೋನು ನೀನು. ಅಲ್ಲೀವರೆಗೆ ಸಹಿ ಹಾಕು."

"ಈಗ ಹಾಕಿದ್ರೆ ಕಾರ್ಯದರ್ಶಿ ಅಂತ ಬರೆಯೋಕಾಗಲ್ಲ."

"ಬರೀಬೇಡ."

ಅವನು ಅವತ್ತು ತಾನು ಬರೆದ ಮೂರು ಪುಟವನ್ನು ಮೊದಲಿನಿಂದ ಓದಿದ. ಒಂದು ಅಲ್ಪವಿರಾಮ ಸೇರಿಸಿದ. ಆಮೇಲೆ ಬರಿಯ ಹೆಸರು ಬರೆದ. ಕೈ ತಾನಾಗಿಯೇ ಕೆಳಗಿನ ಸಾಲಿಗೆ ಇಳಿದು, ಕಾಗದಕ್ಕೆ ತಾಗುವ ಮೊದಲು ನಿಂತುಕೊಂಡಿತು. ಅಷ್ಟು ಗಿಡ್ಡ ಸಹಿಯನ್ನು ಅವನ ಕೈಯಿಂದ ನಾನು ಯಾವತ್ತೂ ನೋಡಿರಲಿಲ್ಲ.

ಕೆಳಗೆ ಗಂಟೆ ಬಾರಿಸಿದರು. "ಹೋಗು, ಬರೆಯೋರು ತಡ ಮಾಡಬಾರದು," ಅಂದ.

ಮಸಿ ಇನ್ನೂ ಆರಿರಲಿಲ್ಲ. ಪುಸ್ತಕವನ್ನು ತೆರೆದೇ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಇಳಿದೆ.